ಗಟಾರ ಕೇಳಲು ಹೋಗಿ ಬಜೆಟ್ ಪುಸ್ತಕ ಓದಿದೆ

ಶಿರಸಿಯಲ್ಲಿ ಯಲ್ಲಾಪುರ ನಾಕಾದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಎದುರಿನ ರಸ್ತೆ ಇಳಿಜಾರು. ಮೇಲಿನ ಮೂರು ಕ್ರಾಸುಗಳ ನೀರೆಲ್ಲ ನಮ್ಮ ಮುಂದಿನ ಗಟಾರಕ್ಕೇ ಬರುತ್ತದೆ. ಗಟಾರ ಹಳೆಯದು, ಚಿರೆಕಲ್ಲಿನದು, ಒಂದೂವರೆ ಅಡಿ ಅಗಲ. ಅದನ್ನು ಕಟ್ಟಿದಾಗ ಮೇಲಿನ ಕ್ರಾಸುಗಳಲ್ಲಿ ಮನೆಗಳಿರಲಿಲ್ಲ, ಬರೀ ಬ್ಯಾಣ, ಹುಲ್ಲು ಬೆಳೆಯುವ ಬಯಲು. ಈಗ ಅಲ್ಲೆಲ್ಲ ಕಾಂಕ್ರೀಟ್ ಅಂಗಳ. ಮಣ್ಣು ಕುಡಿಯುತ್ತಿದ್ದ ನೀರೂ ಕೆಳಗೆ ಓಡಿ ಬರುತ್ತದೆ. ಜೂನ್ ತಿಂಗಳಲ್ಲಿ ರಾಶಿ ಮಳೆ ಹೊಡೆದ ದಿನ ಅದು ನಮ್ಮ ಜಗಲಿಯ ಮೊದಲ ಮೆಟ್ಟಿಲು ಮುಟ್ಟುತ್ತದೆ. ಪಕ್ಕದ ಮನೆ ನಮಗಿಂತ ತಗ್ಗು. ಅವರ ಅಡಿಗೆಮನೆಗೇ ನೀರು ನುಗ್ಗುತ್ತದೆ.

ನಾನು ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಊರಲ್ಲಿ ಅರ್ಧ ಜನ ಈಗಲೂ ನನ್ನನ್ನು ಅಕ್ಕೋರೆ ಅಂತಲೇ ಕರೆಯುತ್ತಾರೆ. ನಗರಸಭೆಯಲ್ಲಿ ನಮ್ಮ ವಾರ್ಡಿನ ಸದಸ್ಯೆಯೂ ಹಾಗೇ. ಅವಳಿಗೆ ಎರಡು ವರ್ಷ ಗಟಾರದ ಅರ್ಜಿ ಕೊಟ್ಟಿದ್ದೆ. ಮೂರನೇ ಸಲ ಹೋದಾಗ ಅವಳು ಹೇಳಿದಳು: ‘ಅಕ್ಕೋರೆ, ಅರ್ಜಿ ಒಂದೇ ಸಾಲ್ತಿಲ್ಲೆ. ಬಜೆಟ್ಟಲ್ಲಿ ನಮ್ಮ ಗಟಾರಕ್ಕೆ ಒಂದು ಸಾಲು ಬರಬೇಕು. ನಗರಸಭೆಯಲ್ಲಿ ಬಜೆಟ್ ಪೂರ್ವಭಾವಿ ಸಭೆ ಇದೆ. ನೀವೇ ಬಂದು ಮಾತಾಡಿ.’

ಹಾಗೊಂದು ಸಭೆ ಇರುತ್ತದೆ, ಅದಕ್ಕೆ ಯಾರು ಬೇಕಾದರೂ ಹೋಗಬಹುದು ಅಂತ ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಪೇಪರಿನಲ್ಲಿ ‘ಸಾರ್ವಜನಿಕರು ಸಲಹೆ ನೀಡಬಹುದು’ ಅನ್ನುವ ಸಣ್ಣ ಪ್ರಕಟಣೆ ನೋಡಿ ಪುಟ ತಿರುಗಿಸಿದ್ದೆ. ಕರ್ನಾಟಕದಲ್ಲಿ ನಗರಸಭೆಯಂಥ ಆಡಳಿತವಿರುವ ಊರುಗಳಿಗೆ 2006ರಲ್ಲಿ ಲೆಕ್ಕಪತ್ರ ಮತ್ತು ಬಜೆಟ್ ನಿಯಮಗಳು ಬಂದವು. ಬಜೆಟ್ ಬರೆಯುವ ಮೊದಲು ಊರಿನವರನ್ನು ಕೇಳಬೇಕು ಅಂತ ಅದರಲ್ಲಿದೆ. ಅಂದರೆ ಕರೆದರೆ ಹೋಗುವುದು ನಮ್ಮ ಕೆಲಸ.

ಮೊದಲ ಸಭೆಗೆ ಬಂದವರು ಕಡಿಮೆ. ವ್ಯಾಪಾರಿಗಳು ಕೆಲವರು, ಆಟೋದವರು, ಸಂಘ ಸಂಸ್ಥೆಯವರು, ನಾವು ನಮ್ಮ ಕ್ರಾಸಿನ ನಾಲ್ಕು ಹೆಂಗಸರು. ಒಬ್ಬರಾದ ಮೇಲೆ ಒಬ್ಬರು ಎದ್ದು ಬೇಡಿಕೆ ಹೇಳಿದರು. ಬೀದಿ ದೀಪ. ಪಾರ್ಕಿಂಗ್. ಮೀನು ಮಾರುಕಟ್ಟೆಗೆ ನೀರು. ಬೀದಿ ನಾಯಿ. ಸ್ಮಶಾನಕ್ಕೆ ದಾರಿ. ಪ್ರತಿಯೊಂದೂ ಬೇಕಾದದ್ದೇ. ನಾನೂ ಎದ್ದು ನಿಂತು ಗಟಾರದ ಕಥೆ ಹೇಳಿದೆ. ಅಡಿಗೆಮನೆಗೆ ನೀರು ನುಗ್ಗಿದ ಫೋಟೋ ತೋರಿಸಿದೆ. ಬರೆದುಕೊಂಡರು.

ಕೂತ ಮೇಲೆ ಒಂದು ವಿಷಯ ತಲೆಗೆ ಹೊಳೆಯಿತು. ಒಂದೂವರೆ ಗಂಟೆಯಲ್ಲಿ ಒಬ್ಬರೂ ದುಡ್ಡು ಎಲ್ಲಿಂದ ಬರುತ್ತದೆ ಅಂತ ಕೇಳಲಿಲ್ಲ. ನಾನೂ ಕೇಳಲಿಲ್ಲ. ಮನೆ ಖರ್ಚಿನ ಬಗ್ಗೆ ಕೂತು ಮಾತಾಡುವಾಗ ಸಂಬಳ ಎಷ್ಟು ಅಂತ ಯಾರೂ ಎತ್ತದೇ ಇದ್ದರೆ ಹೇಗಿರುತ್ತದೋ ಹಾಗಿತ್ತು.

ಸಭೆ ಮುಗಿದ ಮೇಲೆ ಲೆಕ್ಕ ವಿಭಾಗದ ಹುಡುಗಿಯೊಬ್ಬಳ ಹತ್ತಿರ ಹೋಗಿ ಹಿಂದಿನ ವರ್ಷದ ಬಜೆಟ್ ಪುಸ್ತಕ ಓದಲು ಸಿಗುತ್ತದಾ ಅಂತ ಕೇಳಿದೆ. ಮಾಹಿತಿ ಹಕ್ಕು ಕಾಯ್ದೆ 2005ರ 4ನೇ ಸೆಕ್ಷನ್ ಪ್ರಕಾರ ಬಜೆಟ್ಟನ್ನು ಯಾರೂ ಕೇಳದೆಯೇ ಜನರ ಮುಂದೆ ಇಡಬೇಕು. ಅರ್ಜಿ ಬರೆಯುವ ಕೆಲಸವೇ ಬರಲಿಲ್ಲ. ಅವಳು ಒಳಗೆ ಹೋಗಿ ಒಂದು ಪ್ರತಿ ತಂದುಕೊಟ್ಟಳು. ‘ಅಕ್ಕೋರೆ, ಅರ್ಥ ಆಗದಿದ್ರೆ ಬನ್ನಿ, ಹೇಳ್ತೆ’ ಅಂದಳು. ನಾನು ನಾಲ್ಕು ಸಲ ಹೋದೆ. ನಾಲ್ಕೂ ಸಲ ಬೇಸರವಿಲ್ಲದೆ ಹೇಳಿಕೊಟ್ಟಳು.

ಪುಸ್ತಕ ಮೊದಲ ನೋಟಕ್ಕೆ ಹೆದರಿಸುತ್ತದೆ. ಎಡಗಡೆ ಲೆಕ್ಕಶೀರ್ಷಿಕೆ, ಅದರ ಪಕ್ಕ ಸಾಲು ಸಾಲು ಅಂಕಿ. ಆದರೆ ನಿಜಕ್ಕೂ ನೋಡಬೇಕಾದ ಕಾಲಂ ನಾಲ್ಕೇ. ಹಿಂದಿನ ವರ್ಷ ನಿಜವಾಗಿ ಬಂದದ್ದು, ಈ ವರ್ಷದ ಅಂದಾಜು, ಅದನ್ನು ನಡುವೆ ತಿದ್ದಿದ ಪರಿಷ್ಕೃತ ಅಂದಾಜು, ಬರುವ ವರ್ಷದ ಅಂದಾಜು. ನಾನು ಮೊದಲನೆಯದನ್ನೂ ಕೊನೆಯದನ್ನೂ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಹೋಲಿಸುತ್ತಾ ಹೋದೆ. ಅಂದಾಜಿಗೂ ನಿಜಕ್ಕೂ ಎಲ್ಲಿ ಅಂತರ ಜಾಸ್ತಿ ಇದೆಯೋ ಅಲ್ಲಿ ಒಂದು ಪ್ರಶ್ನೆ ಇರುತ್ತದೆ. ಮಕ್ಕಳ ಲೆಕ್ಕ ತಿದ್ದುವಾಗಲೂ ನಾನು ಹೀಗೇ ಮಾಡುತ್ತಿದ್ದೆ.

ಪುಸ್ತಕದ ಮೊದಲ ಸಾಲು ಆರಂಭ ಶಿಲ್ಕು. ಅಂದರೆ ಹಿಂದಿನ ವರ್ಷ ಉಳಿದು ಬಂದ ಹಣ. ಆಮೇಲೆ ಮೂರು ಬಗೆಯ ಜಮಾ. ರಾಜಸ್ವ ಅಂದರೆ ತೆರಿಗೆ, ನೀರಿನ ಕರ, ಮಳಿಗೆ ಬಾಡಿಗೆ, ಉದ್ದಿಮೆ ಪರವಾನಗಿ, ಕಟ್ಟಡ ಪರವಾನಗಿ ಶುಲ್ಕ, ಸರಕಾರದಿಂದ ಸಂಬಳಕ್ಕೆ ಬರುವ ಅನುದಾನ. ಬಂಡವಾಳ ಅಂದರೆ ರಸ್ತೆ, ಕಟ್ಟಡದಂಥ ಕೆಲಸಕ್ಕೇ ಅಂತ ಬರುವ ಹಣ. ಮೂರನೆಯದು ಅಸಾಧಾರಣ. ಠೇವಣಿ, ನೌಕರರ ಸಂಬಳದಿಂದ ಹಿಡಿದು ಬೇರೆ ಕಡೆ ಕಟ್ಟುವ ಹಣ, ಹೀಗೆ ಒಂದು ಕೈಯಲ್ಲಿ ಬಂದು ಇನ್ನೊಂದು ಕೈಯಲ್ಲಿ ಹೋಗುವಂಥದ್ದು.

ಪ್ರತಿ ವರ್ಷ ಪೇಪರಿನಲ್ಲಿ ‘ಉಳಿತಾಯ ಬಜೆಟ್’ ಅಂತ ಬರುತ್ತದಲ್ಲ, ಅದರ ಅರ್ಥ ನನಗೆ ಆಗ ತಿಳಿಯಿತು. ಅದು ನಮ್ಮ ಮನೆಯ ಉಳಿತಾಯದಂತೆ ಬೇಕಾದ್ದಕ್ಕೆ ತೆಗೆಯಬಹುದಾದ ಹಣ ಅಲ್ಲ. ಕುಡಿಯುವ ನೀರಿನ ಕಾಮಗಾರಿಗೆ ಅಂತ ಬಂದು ಇನ್ನೂ ಖರ್ಚಾಗದ ಅನುದಾನವೂ ಆ ಉಳಿತಾಯದೊಳಗೇ ಕೂತಿರುತ್ತದೆ. ಅದನ್ನು ಮುಟ್ಟಿ ನಮ್ಮ ಗಟಾರ ಕಟ್ಟಲು ಬರುವುದಿಲ್ಲ.

ಹಾಗೆ ನೋಡಿದರೆ ಬಂದ ಹಣದಲ್ಲಿ ಹೆಚ್ಚಿನದಕ್ಕೆ ಬರುವ ಮೊದಲೇ ವಿಳಾಸ ಬರೆದಿರುತ್ತದೆ. 15ನೇ ಹಣಕಾಸು ಆಯೋಗ ಹೇಳಿದಂತೆ ಕೇಂದ್ರದಿಂದ ಬರುವ ಅನುದಾನವನ್ನೇ ತೆಗೆದುಕೊಳ್ಳಿ. ನಮ್ಮಂಥ ಊರುಗಳಿಗೆ 2021ರಿಂದ 2026ರ ಅವಧಿಗೆ ಅದರಲ್ಲಿ ಶೇ 60 ಭಾಗ ಕಟ್ಟಿಹಾಕಿದ ಹಣ. ಅರ್ಧ ಸ್ವಚ್ಛತೆಗೆ, ಅರ್ಧ ನೀರಿಗೆ. ಮುಕ್ತವಾಗಿ ಸಿಗುತ್ತಿದ್ದುದು ಶೇ 40. ರಾಜ್ಯ ಹಣಕಾಸು ಆಯೋಗದ ಅನುದಾನ, ಎಲ್ಲರೂ ಎಸ್‌ಎಫ್‌ಸಿ ಅನ್ನುವುದು, ಅದರಲ್ಲಿ ಸಂಬಳದ್ದೇ ಬೇರೆ, ವಿದ್ಯುತ್ತಿನದೇ ಬೇರೆ, ಮುಕ್ತನಿಧಿಯೇ ಬೇರೆ.

ವಿದ್ಯುತ್ತಿನ ಸಾಲಿನ ಮೇಲೆ ನಾನು ರಾಶಿ ಹೊತ್ತು ಕೂತೆ. ಶಿರಸಿಗೆ ಕುಡಿಯುವ ನೀರು ಬರುವುದು ಕೆಂಗ್ರೆಯಿಂದ ಮತ್ತು ಮಾರಿಗದ್ದೆಯಿಂದ. ಎರಡೂ ಊರಿಗಿಂತ ತಗ್ಗಿನಲ್ಲಿರುವ ಹೊಳೆ ಪಾತ್ರಗಳು. ಊರು ಇರುವುದು ಘಟ್ಟದ ಮೇಲೆ, ಗುಡ್ಡದ ನೆತ್ತಿಯಲ್ಲಿ. ನಮ್ಮ ನಲ್ಲಿಗೆ ಬರುವ ಪ್ರತಿ ಕೊಡ ನೀರನ್ನೂ ಪಂಪು ಮೇಲಕ್ಕೆ ಎತ್ತಿ ತರಬೇಕು. ಸುತ್ತ ಇಷ್ಟು ಮಳೆ ಬೀಳುವ ಊರಲ್ಲಿ ನೀರಿಗೆ ಯಾಕೆ ದುಡ್ಡು ಕೊಡಬೇಕು ಅಂತ ನಾನೇ ಎಷ್ಟೋ ಸಲ ಹೇಳಿದ್ದೇನೆ. ಮಳೆ ಪುಕ್ಕಟೆ. ಹೊಳೆಯಿಂದ ಗುಡ್ಡ ಹತ್ತಿಸುವ ಕರೆಂಟು ಪುಕ್ಕಟೆ ಅಲ್ಲ.

ಆಮೇಲೆ ಪೌರಕಾರ್ಮಿಕರು. 700 ಜನರಿಗೆ ಒಬ್ಬರು ಅನ್ನುವುದು ಸರಕಾರದ ಲೆಕ್ಕ. 2011ರ ಜನಗಣತಿಯಲ್ಲೇ ನಮ್ಮ ಊರು 60 ಸಾವಿರ ದಾಟಿತ್ತು. ಭಾಗಿಸಿ ನೋಡಿದರೆ ಸುಮಾರು 85 ಜನ ಬೇಕು. ಅಷ್ಟು ಜನ 31 ವಾರ್ಡುಗಳ ಕಸ, ಗಟಾರ, ಸಂತೆ, ಬಸ್ ನಿಲ್ದಾಣ ಎಲ್ಲ ನೋಡಿಕೊಳ್ಳಬೇಕು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಒಂಬತ್ತು ದಿನ ಊರಿಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಆ ಕಸವನ್ನೂ ಇವರೇ ಎತ್ತಬೇಕು. ಭಾಗಾಕಾರದಲ್ಲಿ ಜಾತ್ರೆಗೆ ಬಂದವರು ಲೆಕ್ಕಕ್ಕೇ ಇಲ್ಲ.

ಇಷ್ಟೆಲ್ಲ ಆದ ಮೇಲೆ ಊರಿನ ಸ್ವಂತ ಆದಾಯ. ಇದರಲ್ಲೂ ಮೀಸಲು ಉಂಟು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 24.10, ಇತರ ಹಿಂದುಳಿದ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5. ಕೂಡಿಸಿದರೆ ಶೇ 36.35. ಸಭೆಯಲ್ಲಿ ಒಬ್ಬರು ಇದಕ್ಕೆ ಗೊಣಗಿದರು. ನನಗೆ ಅದು ಸರಿ ಕಾಣಲಿಲ್ಲ. ಆ ಹಣದಲ್ಲಿ ಸ್ಕಾಲರ್‌ಶಿಪ್ ಸಿಕ್ಕ ಮಕ್ಕಳಿಗೆ ನಾನು ಪಾಠ ಹೇಳಿದ್ದೇನೆ. ಮೂರು ಚಕ್ರದ ಗಾಡಿ ಬಂದ ಮೇಲೆ ಶಾಲೆಗೆ ಬರಲು ಶುರು ಮಾಡಿದ ಹುಡುಗನೊಬ್ಬ ನನ್ನ ಕ್ಲಾಸಿನಲ್ಲೇ ಇದ್ದ. ಬಜೆಟ್ ಪುಸ್ತಕದಲ್ಲಿ ನನಗೆ ಮುಖ ಕಾಣಿಸಿದ ಸಾಲು ಅದೊಂದೇ.

ಮೀಸಲು ಕಳೆದು, ಸಂಬಳ ಕಳೆದು, ರಿಪೇರಿ ಕಳೆದು ಉಳಿದದ್ದರಲ್ಲಿ ನಮ್ಮ ಗಟಾರ ಬರಬೇಕು. ಉಳಿದ 30 ವಾರ್ಡಿನವರ ಗಟಾರವೂ ಅಲ್ಲೇ ಬರಬೇಕು. ಆ ಸಾಲು ದೊಡ್ಡದಾಗಬೇಕು ಅಂದರೆ ದಾರಿ ಒಂದೇ, ಸ್ವಂತ ಆದಾಯ ಹೆಚ್ಚಬೇಕು. ಸ್ವಂತ ಆದಾಯದಲ್ಲಿ ದೊಡ್ಡದು ಆಸ್ತಿ ತೆರಿಗೆ.

ಹಾಗಾಗಿ ನಮ್ಮದೇ ಮನೆಯ ತೆರಿಗೆ ರಸೀದಿ ಹುಡುಕಿ ತೆಗೆದೆ.

ಆಸ್ತಿ ತೆರಿಗೆಯನ್ನು ನಾವೇ ಲೆಕ್ಕ ಹಾಕಿ ಘೋಷಿಸುವ ಪದ್ಧತಿ ನಮ್ಮ ರಾಜ್ಯದ ಊರುಗಳಿಗೆ 2002ರಲ್ಲಿ ಬಂತು. ಅದಕ್ಕೂ ಮೊದಲು ಮನೆ ಬಾಡಿಗೆಗೆ ಹೋದರೆ ವರ್ಷಕ್ಕೆ ಎಷ್ಟು ಬರಬಹುದು ಅಂತ ಅಂದಾಜು ಮಾಡಿ ತೆರಿಗೆ ಹಾಕುತ್ತಿದ್ದರು. ಈಗ ಉಪನೋಂದಣಿ ಕಚೇರಿಯ ಮಾರ್ಗಸೂಚಿ ಬೆಲೆಯನ್ನು, ಅಂದರೆ ಆಯಾ ಜಾಗಕ್ಕೆ ಸರಕಾರ ಗೊತ್ತು ಮಾಡಿದ ಬೆಲೆಯನ್ನು ಹಿಡಿದು ಲೆಕ್ಕ. ಜಾಗದ ಬೆಲೆ, ಕಟ್ಟಡದ ಬೆಲೆ, ಕಟ್ಟಡ ಹಳೆಯದಾದಷ್ಟು ಸವಕಳಿ. ಕೊನೆಗೆ ಬಂದ ಬೆಲೆಯ ಶೇ 25ನ್ನು ಮಾತ್ರ ಹಿಡಿಯಬೇಕು. ಅದರ ಮೇಲೆ ದರ. ವಾಸದ ಮನೆಗೆ ಶೇ 0.2ರಿಂದ 1.5ರ ನಡುವೆ, ವಾಣಿಜ್ಯಕ್ಕೆ ಶೇ 0.5ರಿಂದ 3ರ ನಡುವೆ. ಆ ಗೆರೆಗಳೊಳಗೆ ತನ್ನ ದರ ಯಾವುದು ಅಂತ ಊರಿನ ಆಡಳಿತ ಗೊತ್ತು ಮಾಡಬೇಕು. ಗೆರೆ ದಾಟಲು ಅವರಿಗೂ ಅಧಿಕಾರವಿಲ್ಲ.

ಲೆಕ್ಕ ಸುಲಭವಾಗಲಿ ಅಂತ ಒಂದು ಮನೆ ಊಹಿಸಿಕೊಳ್ಳಿ. ಜಾಗ, ಕಟ್ಟಡ ಸೇರಿ ಸವಕಳಿ ಕಳೆದು 20 ಲಕ್ಷ ರೂಪಾಯಿ. ಶೇ 25 ಅಂದರೆ 5 ಲಕ್ಷ. ದರ ಶೇ 0.5 ಇದ್ದರೆ ತೆರಿಗೆ 2,500 ರೂಪಾಯಿ. ಅದರ ಮೇಲೆ ಉಪಕರಗಳು. ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಒಟ್ಟು 600 ರೂಪಾಯಿ. ಈ 600 ಊರಿಗೆ ಉಳಿಯುವ ಹಣ ಅಲ್ಲ. ಇಲ್ಲಿ ವಸೂಲಿ ಮಾಡಿ ಆಯಾ ಇಲಾಖೆಗೆ ಕಳಿಸಬೇಕು. ರಸೀದಿಯ ಕೆಳಗಿನ ಮೊತ್ತ ನೋಡಿ ಇಷ್ಟೆಲ್ಲ ತೆಗೆದುಕೊಂಡು ಒಂದು ಗಟಾರ ಕಟ್ಟುವುದಿಲ್ಲ ಅಂತ ನಾನು ಸಿಟ್ಟಾಗುತ್ತಿದ್ದೆನಲ್ಲ, ಆ ಮೊತ್ತದಲ್ಲಿ ಇದೂ ಸೇರಿತ್ತು.

ನಮ್ಮ ಮನೆಯ ಘೋಷಣೆ ಫಾರ್ಮಿನಲ್ಲಿ ಬಳಕೆ ಅನ್ನುವ ಕಡೆ ‘ವಾಸ’ ಅಂತ ಇತ್ತು. ಇಡೀ ಮನೆಗೆ.

ಆದರೆ ರಸ್ತೆ ಕಡೆಯ ಕೋಣೆ ಈಗ ಟೇಲರ್ ಅಂಗಡಿ. ಹತ್ತು ಹನ್ನೆರಡು ವರ್ಷದಿಂದ ಬಾಡಿಗೆಗೆ ಕೊಟ್ಟಿದ್ದೇವೆ. 2002ರಲ್ಲಿ ನಮ್ಮನೆಯವರು ಊಟದ ಮೇಜಿನ ಮುಂದೆ ಕೂತು ಆ ಫಾರ್ಮ್ ತುಂಬಿದಾಗ ಅದು ಜಗಲಿ. ಆಮೇಲೆ ಗೋಡೆ ಕಟ್ಟಿ ಶಟರ್ ಹಾಕಿಸಿದೆವು. ಫಾರ್ಮ್ ಮಾತ್ರ ಹಾಗೇ ಉಳಿಯಿತು. ಪ್ರತಿ ವರ್ಷ ಹಳೆಯದನ್ನೇ ನೋಡಿ ಕಟ್ಟಿದೆವು. ಬೇಕೆಂದು ಮುಚ್ಚಿಟ್ಟದ್ದಲ್ಲ. ಹಾಗಂತ ಗೊತ್ತಿರಲಿಲ್ಲ ಅಂತಲೂ ಹೇಳಲಾರೆ. ಬಾಡಿಗೆ ತಿಂಗಳು ತಿಂಗಳು ತೆಗೆದುಕೊಂಡಿದ್ದೇವೆ.

ರಾತ್ರಿ ನಮ್ಮನೆಯವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಕೂತರು. ‘ಯಾರೂ ಕೇಳ್ತಾ ಇಲ್ಲ. ನೀನೇ ಹೋಗಿ ಹೇಳ್ತೀಯಾ?’ ಅಂದರು. ‘ಗಟಾರ ಕೇಳಲು ಎದ್ದು ನಿಂತವಳು ನಾನು’ ಅಂದೆ. ‘ಎರಡನೇ ಸಭೆಯಲ್ಲಿ ತೆರಿಗೆ ಬಾಕಿ ಬಗ್ಗೆ ಮಾತಾಡಬೇಕು ಅಂತಿದ್ದೇನೆ. ಇದನ್ನು ಇಟ್ಟುಕೊಂಡು ಹೇಗೆ ಮಾತಾಡಲಿ?’ ಅವರು ಮತ್ತೆ ಏನೂ ಹೇಳಲಿಲ್ಲ. ಬೆಳಿಗ್ಗೆ ನೋಡಿದರೆ ಕ್ರಯಪತ್ರ, ಹಳೇ ರಸೀದಿಗಳು, ಕಟ್ಟಡ ಪರವಾನಗಿ ಎಲ್ಲ ಒಂದು ಚೀಲದಲ್ಲಿ ಹಾಕಿ ಮೇಜಿನ ಮೇಲೆ ಇಟ್ಟಿದ್ದರು.

ಕಂದಾಯ ವಿಭಾಗಕ್ಕೆ ಇಬ್ಬರೂ ಹೋದೆವು. ಬಿಲ್ ಕಲೆಕ್ಟರ್ ಬಂದು ಟೇಪು ಹಿಡಿದು ಅಂಗಡಿ ಕೋಣೆ ಅಳೆದರು. ಫೋಟೋ ತೆಗೆದರು. ಹೇಗಿದ್ದರೂ ನಮೂನೆ-3ರ ಇ-ಖಾತಾ, ಅಂದರೆ ಆಸ್ತಿಯ ಕಂಪ್ಯೂಟರ್ ದಾಖಲೆ, ಮಾಡಿಸಬೇಕಿತ್ತು. ಅದಕ್ಕೂ ಇದೇ ದಾಖಲೆಗಳು ಬೇಕು. ಎರಡೂ ಒಟ್ಟಿಗೆ ಆಯಿತು. ಯಾರಾದರೂ ಇ-ಖಾತಾ ಮಾಡಿಸುವವರಿದ್ದರೆ ಇದೊಂದು ಮಾತು ನೆನಪಿಡಿ. ಆ ಹಾಳೆಯಲ್ಲಿ ಅಳತೆ, ಬಳಕೆ, ಹೆಸರು ಮೂರನ್ನೂ ಮನೆಯ ಎದುರು ನಿಂತೇ ಸರಿ ನೋಡಿ. ಒಮ್ಮೆ ಕಂಪ್ಯೂಟರಿಗೆ ಹೋದ ಮೇಲೆ ತಿದ್ದಿಸಲು ಮತ್ತೆ ಓಡಾಡಬೇಕು.

ಅಂಗಡಿ ಕೋಣೆ ವಾಣಿಜ್ಯ ದರಕ್ಕೆ ಹೋಯಿತು. ಹಿಂದಿನ ವರ್ಷಗಳ ವ್ಯತ್ಯಾಸವನ್ನೂ ಕಟ್ಟಿದೆವು. ಅದು ಸಣ್ಣ ಮೊತ್ತವೇನಲ್ಲ. ಆದರೆ ಕಟ್ಟಿ ಬಂದ ದಿನ ಮನಸ್ಸು ಹಗುರಾಗಿತ್ತು. ಬರುವಾಗ ನಮ್ಮ ರಸ್ತೆಯ ಎರಡೂ ಬದಿ ನೋಡುತ್ತಾ ಬಂದೆ. ಬ್ಯೂಟಿ ಪಾರ್ಲರ್, ಜೆರಾಕ್ಸ್, ಟ್ಯೂಷನ್, ಮಾಳಿಗೆ ಮೇಲೆ ಬಾಡಿಗೆ ಮನೆ. ಎಷ್ಟು ಕಡೆ ‘ವಾಸ’ ಅಂತ ಬರೆದಿರಬಹುದು ಅನ್ನುವ ಯೋಚನೆ ಬಂತು. ಅದು ಅವರವರ ಮನೆಯ ಲೆಕ್ಕ. ನಾನು ಯಾರ ಬಾಗಿಲಿಗೂ ಹೋಗಿ ಕೇಳಲಿಲ್ಲ. ನಮ್ಮದನ್ನು ಮಾತ್ರ ಎಲ್ಲರಿಗೂ ಹೇಳಿದೆ. ಇಬ್ಬರು ತಾವೇ ಬಂದು ಫಾರ್ಮ್ ಹೇಗೆ ತುಂಬುವುದು ಅಂತ ಕೇಳಿದರು. ಕೂತು ತುಂಬಿಕೊಟ್ಟೆ.

ಎರಡನೇ ಸಭೆಯಲ್ಲಿ ಮಾತು ದರಕ್ಕೆ ಬಂತು. ಹಿಂದೆ ಮೂರು ವರ್ಷಕ್ಕೊಮ್ಮೆ ಶೇ 15 ಏರಿಸುತ್ತಿದ್ದರು. ಒಮ್ಮೆಲೇ ಏರಿದಾಗ ಜನ ಹೌಹಾರುತ್ತಿದ್ದರು. ಈಗ ಪ್ರತಿ ವರ್ಷ ಶೇ 3ರಿಂದ 5ರ ಒಳಗೆ ಏರಿಸಬೇಕು ಅಂತ ಆಗಿದೆ. ಏರಿಸದೇ ಇರುವಂತಿಲ್ಲ. 15ನೇ ಹಣಕಾಸು ಆಯೋಗವೂ ಅದನ್ನೇ ಹೇಳಿತ್ತು. ಆಸ್ತಿ ತೆರಿಗೆಗೆ ಕನಿಷ್ಠ ದರ ಗೊತ್ತು ಮಾಡಿ, ರಾಜ್ಯದ ಒಟ್ಟು ಉತ್ಪನ್ನ ಬೆಳೆಯುವ ವೇಗದಲ್ಲಿ ವಸೂಲಿಯೂ ಬೆಳೆದರೆ ಮಾತ್ರ ಊರುಗಳಿಗೆ ಕೇಂದ್ರದ ಅನುದಾನ. ಅಂದರೆ ಇಲ್ಲಿ ತೆರಿಗೆ ವಸೂಲಾಗದಿದ್ದರೆ ಅಲ್ಲಿಂದ ಬರುವುದಕ್ಕೂ ಕುತ್ತು.

ಶೇ 3 ಸಾಕು ಅಂದವರೇ ಜಾಸ್ತಿ. ಶೇ 5 ಆಗಲಿ ಅಂದವರು ಇಬ್ಬರು. ವಾದ ಬಿಸಿಯಾಯಿತು. ನಾನು ಬ್ಯಾಗಿನಿಂದ ಹಾಳೆ ತೆಗೆದು ಎದ್ದು ನಿಂತೆ. ಅದೇ 2,500 ರೂಪಾಯಿಯ ಮನೆ. ಶೇ 3 ಅಂದರೆ 75 ರೂಪಾಯಿ ಜಾಸ್ತಿ. ಶೇ 5 ಅಂದರೆ 125. ನಡುವಿನ ಅಂತರ ವರ್ಷಕ್ಕೆ 50 ರೂಪಾಯಿ. ಈಗ ಇನ್ನೊಂದು ಕಡೆ ನೋಡಿ. ಏಪ್ರಿಲ್‌ನಲ್ಲಿ ಕಟ್ಟಿದರೆ ತೆರಿಗೆಯಲ್ಲಿ ಶೇ 5 ರಿಯಾಯಿತಿ. ಆ ಮನೆಗೆ 125 ರೂಪಾಯಿ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈಯಿಂದ ತಿಂಗಳಿಗೆ ಶೇ 2 ದಂಡ. ಅದೇ 50 ರೂಪಾಯಿ. ಅಂದರೆ ನಾವು ಇಷ್ಟು ಹೊತ್ತು ಜಗಳ ಮಾಡಿದ ಮೊತ್ತ, ತೆರಿಗೆ ಕಟ್ಟಲು ಒಂದು ತಿಂಗಳು ತಡ ಮಾಡಿದರೆ ಹೋಗುವ ಮೊತ್ತ. ಮಾರ್ಚ್ ತನಕ ಎಳೆದರೆ 450 ರೂಪಾಯಿ. ಅಷ್ಟರಲ್ಲಿ ಊರಿಗೆ ಮಳೆಗಾಲದ ಮೊದಲು ಬೇಕಿದ್ದ ಹಣವೂ ಇಲ್ಲ.

‘ದರದ ಮಾತು ಆಮೇಲೆ ಆಡೋಣ. ಚಾಲ್ತಿ ಬೇಡಿಕೆ, ಅಂದರೆ ಈ ವರ್ಷ ಬರಬೇಕಾದ ತೆರಿಗೆ ಎಷ್ಟು, ವಸೂಲಿ ಎಷ್ಟು, ಹಳೇ ಬಾಕಿ ಎಷ್ಟು, ವಾರ್ಡುವಾರು ಪಟ್ಟಿ ಮೊದಲು ಓದಿ’ ಅಂತ ಕೇಳಿದೆ. ನಮ್ಮ ಮನೆಯ ಅಂಗಡಿ ಕೋಣೆಯ ಕಥೆಯನ್ನೂ ಹೇಳಿದೆ. ಹೇಳುವಾಗ ಧ್ವನಿ ಸ್ವಲ್ಪ ನಡುಗಿತು. ಪಟ್ಟಿ ಓದಿದರು. ನಮ್ಮ ವಾರ್ಡಿನ ಬಾಕಿ ಕೇಳಿ ನಮ್ಮ ಕ್ರಾಸಿನವರೇ ಒಬ್ಬರ ಮುಖ ಒಬ್ಬರು ನೋಡಿದರು.

ಆಗ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. ಪೇಟೆಗೆ ಹತ್ತಿರ ಅವರ ಅಜ್ಜನ ಕಾಲದ ಹೆಂಚಿನ ಮನೆ. ಗಂಡ ಹೆಂಡತಿ ಇಬ್ಬರೇ. ‘ಅಕ್ಕೋರು ಹೇಳಿದ್ದು ಸರಿ. ಆದ್ರೆ ನನ್ನ ಮನೆಗೆ ಸವಕಳಿ ಉಂಟು, ಜಾಗಕ್ಕೆ ಇಲ್ಲ. ಸುತ್ತ ಅಂಗಡಿ ಎದ್ದು ಮಾರ್ಗಸೂಚಿ ಬೆಲೆ ಮೇಲೆ ಹೋಯ್ತು. ನಾನು ಮನೆ ಮಾರೂದಿಲ್ಲ. ಮಾರದೇ ಇರೋ ಜಾಗದ ಬೆಲೆ ಏರಿದ್ರೆ ನನ್ನ ಕಿಸೆಗೆ ಏನು ಬಂತು?’ ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಆಸ್ತಿಯ ಬೆಲೆ ಹಿಡಿದು ತೆರಿಗೆ ಹಾಕುವ ಪದ್ಧತಿಯ ಕಷ್ಟ ಇದೇ. ಕೈಯಲ್ಲಿ ದುಡ್ಡಿಲ್ಲದವರ ಕಾಲಡಿ ಬೆಲೆಬಾಳುವ ಮಣ್ಣಿರಬಹುದು. ಅವರು ಪ್ರತಿ ಏಪ್ರಿಲ್‌ನಲ್ಲಿ ಮೊದಲ ವಾರವೇ ಕಟ್ಟುತ್ತಾರಂತೆ. ಶೇ 5 ಆಗಲಿ ಅಂತ ಹೇಳಬೇಕೆಂದು ಬಂದಿದ್ದ ನಾನು ಅವರ ಮಾತು ಕೇಳಿದ ಮೇಲೆ ಹೇಳಲಿಲ್ಲ. ವಸೂಲಿ ಸರಿಯಾಗದೆ ದರ ಏರಿಸಿದರೆ ಭಾರ ಬೀಳುವುದು ಇಂಥವರ ಮೇಲೇ, ಸರಿಯಾಗಿ ಕಟ್ಟುವವರ ಮೇಲೆ.

ತೆರಿಗೆ ಇಲ್ಲದ ಕಟ್ಟಡಗಳ ಮಾತೂ ಬಂತು. ದೇವಸ್ಥಾನ, ಮಸೀದಿ, ಚರ್ಚು, ಶಾಲೆಗಳಿಗೆ ವಿನಾಯಿತಿ. ಕೇಂದ್ರ ಸರಕಾರದ ಆಸ್ತಿಗೆ ಸಂವಿಧಾನದ 285ನೇ ವಿಧಿಯೇ ತೆರಿಗೆ ಹಾಕಬೇಡಿ ಅನ್ನುತ್ತದೆ. ಹಾಗಂತ ಅವುಗಳ ಮುಂದೆಯೂ ರಸ್ತೆ ಗುಡಿಸಬೇಕು, ದೀಪ ಹಾಕಬೇಕು. ಆ ಖರ್ಚು ಉಳಿದ ಮನೆಗಳ ಮೇಲೆ ಬರುತ್ತದೆ.

ಬಜೆಟ್ ಮಂಡನೆಯ ದಿನ ನಾನು ಹಿಂದಿನ ಕುರ್ಚಿಯಲ್ಲಿ ಕೂತಿದ್ದೆ. ಅಂಕಿಗಳನ್ನು ಬೇಗ ಬೇಗ ಓದಿದರು. ತೆರಿಗೆ ಏರಿಕೆ ಕನಿಷ್ಠಕ್ಕೇ ನಿಂತಿತು. ಗಟಾರಗಳ ಸಾಲು ಬಂದಾಗ ನಮ್ಮ ಕ್ರಾಸಿನ ಹೆಸರು ಕೇಳಿಸಿತು. ಪೂರ್ತಿ ಅಲ್ಲ. ಕೆಳಗಿನ ತಿರುವಿನಿಂದ ಪಕ್ಕದ ಮನೆಯವರೆಗೆ, ಸುಮಾರು ಅರ್ಧ. ನನ್ನ ಪಕ್ಕ ಕೂತಿದ್ದ ಪಕ್ಕದ ಮನೆಯವಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ನಮ್ಮ ಜಗಲಿಯ ಮುಂದಿನದು ಬರುವ ವರ್ಷಕ್ಕೆ. ಅವಳ ಅಡಿಗೆಮನೆ ಮೊದಲು ಒಣಗಬೇಕು, ನಮ್ಮ ಮೆಟ್ಟಿಲು ಕಾಯುತ್ತದೆ. ಅದು ನ್ಯಾಯವಾಗಿಯೇ ಇತ್ತು.

ಬಜೆಟ್ಟಿನಲ್ಲಿ ಸಾಲು ಬಂದ ಕೂಡಲೇ ಕೆಲಸ ಆಗಿಬಿಡುವುದಿಲ್ಲ ಅಂತಲೂ ಆಮೇಲೆ ತಿಳಿಯಿತು. ಕ್ರಿಯಾಯೋಜನೆ ಜಿಲ್ಲಾಧಿಕಾರಿಗಳ ಒಪ್ಪಿಗೆಗೆ ಕಾರವಾರಕ್ಕೆ ಹೋಗಬೇಕು. ಇಂಜಿನಿಯರ್ ಅಂದಾಜುಪಟ್ಟಿ ಮಾಡಬೇಕು. ಟೆಂಡರ್ ಆಗಬೇಕು. ಅಷ್ಟರಲ್ಲಿ ಮಳೆ ಬಂದರೆ ಅಗೆಯಲು ಬರುವುದಿಲ್ಲ. ಈ ಘಟ್ಟದ ಮೇಲೆ ಜೂನ್‌ನಿಂದ ಸೆಪ್ಟೆಂಬರ್ ತನಕ ಮಣ್ಣಿನ ಕೆಲಸ ಅಂದರೆ ಇಲ್ಲವೇ ಇಲ್ಲ. ಕರಾವಳಿಯ ಊರುಗಳಿಗೂ ಇದೇ ಕಷ್ಟ. ಏಪ್ರಿಲ್‌ನಲ್ಲಿ ಶುರುವಾಗುವ ಆರ್ಥಿಕ ವರ್ಷದಲ್ಲಿ ನಮಗೆ ನಿಜವಾಗಿ ಕೆಲಸಕ್ಕೆ ಸಿಗುವುದು ದೀಪಾವಳಿಯಿಂದ ಮಾರ್ಚ್ ತನಕ. ನಡುವೆ ಜಾತ್ರೆ ಬಂದರೆ ಅದರಲ್ಲೂ ಒಂದು ತಿಂಗಳು ಕಡಿಮೆ.

ಏಪ್ರಿಲ್ ಎರಡನೇ ವಾರ ನಾವು ತೆರಿಗೆ ಕಟ್ಟಿದೆವು. ಅಡಿಕೆ ಮಾರಿದ ದುಡ್ಡು ಕೈಗೆ ಬರುವುದೂ ಆ ಹೊತ್ತಿಗೇ. ರಸೀದಿಯಲ್ಲಿ ಮೊದಲ ಸಲ ಎರಡು ಸಾಲು ಇತ್ತು, ವಾಸ ಮತ್ತು ವಾಣಿಜ್ಯ. ಟೇಲರ್ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದ: ‘ಅಕ್ಕೋರೆ, ಬಾಡಿಗೆ ಏರಿಸ್ತ್ರಾ?’ ಇಲ್ಲ ಅಂದೆ. ಇಷ್ಟು ವರ್ಷ ಕಟ್ಟದೇ ಇದ್ದದ್ದು ನಾವು.

ಮೇ ಕೊನೆಗೆ ಪೌರಕಾರ್ಮಿಕರು ಹಳೇ ಗಟಾರದ ಹೂಳು ತೆಗೆಯಲು ಬಂದರು. ಬೆಳಿಗ್ಗೆ ಆರು ಗಂಟೆ. ನಮ್ಮ ಇಡೀ ಇಳಿಜಾರಿಗೆ ಐದೇ ಜನ. ಚಹಾ ಕೊಟ್ಟೆ. ಅವರಲ್ಲಿ ಒಬ್ಬಳು ಪಕ್ಕದ ಮನೆಯ ಕಂಪೌಂಡ್ ಮೇಲೆ ಇಂಜಿನಿಯರ್ ಕೆಂಪು ಬಣ್ಣದಲ್ಲಿ ಹಾಕಿದ ಗುರುತು ನೋಡಿ, ‘ಹೊಸ ಗಟಾರ ಬರ್ತದಾ ಅಕ್ಕೋರೆ? ಅಗಲ ಎಷ್ಟಂತೆ?’ ಅಂತ ಕೇಳಿದಳು. ಮೂರು ಅಡಿ ಅಂದೆ. ‘ಮೇಲೆ ಹಾಕೋ ಹಾಸು ಎತ್ತೋ ಹಾಗೆ ಇರ್ಲಿ ಅಂತ ಹೇಳಿ. ಪೂರ್ತಿ ಮುಚ್ಚಿಬಿಟ್ರೆ ನಾವು ಹೂಳು ತೆಗೆಯೂದು ಹೆಂಗೆ?’ ಅಂದಳು.

ಅಂದಾಜುಪಟ್ಟಿಯಲ್ಲಿ ಹಾಸಿನ ಬಗ್ಗೆ ಏನು ಬರೆದಿದ್ದಾರೆ ಅಂತ ನೋಡಲು ಅದೇ ದಿನ ಹನ್ನೊಂದು ಗಂಟೆಗೆ ಮತ್ತೆ ನಗರಸಭೆಗೆ ಹೋದೆ.